ನಾನು ಬೇಡವೆಂದ ಇಂಜೆಕ್ಷನ್ನು

ಕಂಡಕ್ಟರಮ್ಮನ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ ಅದು. ಎಡಹುಬ್ಬಿನ ಮೇಲೆ ನೋವು ಏಳುವಾಗೆಲ್ಲ ಆ ಕಣ್ಣನ್ನು ಕಿರಿದು ಮಾಡಿ ಬೆಳಕನ್ನು ತಡೆದೂ ತಡೆದೂ ರೆಪ್ಪೆ ಅರ್ಧ ಇಳಿದ ಹಾಗೆಯೇ ನಿಂತುಬಿಟ್ಟಿತ್ತು. ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಲ್ಲಿ ದುಡ್ಡಿನ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ವಿಷಲ್ಲು. ತಲೆಯಲ್ಲಿ ಮಾತ್ರ ಒಂದೆಳೆ ಹೂವೂ ಇರುತ್ತಿರಲಿಲ್ಲ. ನಮ್ಮ ಕಡೆ ಗಂಡನಿರುವ ಹೆಂಗಸು ಹೂವು ಮುಡಿಯದಿದ್ದರೆ ನಾಲ್ಕು ಜನ ಕೇಳುತ್ತಾರೆ. ಕೇಳಿದವರಿಗೆ ಅವರು, "ಮಲ್ಗೆ ವಾಸ್ನೆ ಮೂಗ್ಗೆ ಒಡುದ್ರೆ ನಂಗೆ ತಲೆ ಸೀಳ್ತದೆ ಕಣವ್ವ, ನೀನೇ ಮುಡ್ಕೊ," ಎಂದು ಹೇಳಿ ಟಿಕೆಟ್ ಕೊಟ್ಟು ಮುಂದಕ್ಕೆ ಹೋಗುತ್ತಿದ್ದರು.

ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಮೆಡಿಕಲ್ ಸ್ಟೋರು. ಅಪ್ಪನಿಗೆ ಲಕ್ವ ಹೊಡೆದು ಮಲಗಿದಾಗ, ಆಗಷ್ಟೇ ಡಿ.ಫಾರ್ಮ ಮುಗಿಸಿದ್ದ ನಾನು ಅಂಗಡಿಗೆ ಬಂದು ಕುಳಿತೆ. ನನಗಾಗ ಇಪ್ಪತ್ನಾಲ್ಕು. ಅವರಿಗೆ ಮೂವತ್ತು ದಾಟಿತ್ತು. ಮಳವಳ್ಳಿಯಿಂದ ಕೆ.ಎಂ. ದೊಡ್ಡಿಯ ಮೇಲೆ ಮದ್ದೂರಿಗೆ ಹೋಗಿ ಬರುವ ಸರ್ಕಾರಿ ಬಸ್ಸಿನಲ್ಲಿ ಅವರು ಕಂಡಕ್ಟರು. ನಾನು ಅಂಗಡಿಯಲ್ಲಿ ಕುಳಿತ ಒಂದು ವಾರದೊಳಗೆ, ಒಂದು ಬೆಳಿಗ್ಗೆ ಕೌಂಟರಿನ ಮೇಲೆ ಎರಡೂ ಅಂಗೈ ಊರಿ ನಿಂತರು.

"ತಲೆನೋವಿನ್ ಮಾತ್ರೆ ಕೊಡಪ್ಪ, ಗಟ್ಟಿಯಾದ್ದು. ಬಸ್ಸು ಬುಡಕ್ಕೆ ಆರ್ ನಿಮ್ಸ ಅದೆ."

ಮಾತ್ರೆ ಕೊಟ್ಟೆ, ನೀರು ಕೊಟ್ಟೆ. ನುಂಗಿದರು. ಆಮೇಲೆ ನನ್ನ ಹಿಂದಿದ್ದ, ಇನ್ಸುಲಿನ್ ಇಡುವ ಫ್ರಿಜ್ಜನ್ನು ನೋಡಿ, "ತಮ್ಮಯ್ಯ, ಅದ್ಕೆ ಒಸಿ ತಲೆ ಆನಿಸ್ಕೊಳ್ಲಾ?" ಎಂದು ಕೇಳಿದರು. ನಾನು ಕೌಂಟರಿನ ಹಲಗೆ ಎತ್ತಿ ಒಳಗೆ ಬಿಟ್ಟೆ. ಫ್ರಿಜ್ಜಿನ ತಣ್ಣನೆಯ ಬಾಗಿಲಿಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ದುಡ್ಡಿನ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತುಬಿಟ್ಟರು. ಔಷಧಿಗೆ ಬಂದವರೆಲ್ಲ ನೋಡುತ್ತಿದ್ದರು. ಆಚೆಯಿಂದ ಡ್ರೈವರು ಹಾರನ್ ಒತ್ತಿದಾಗ, ಯಾರೋ ಬೆನ್ನಿಗೆ ಹೊಡೆದ ಹಾಗೆ ಇಡೀ ಮೈ ಬೆಚ್ಚಿತು. "ಬತ್ತೀನಿ ತಮ್ಮಯ್ಯ," ಎಂದು ಹೊರಟರು. ಅವತ್ತಿನಿಂದ ನಾನು ಅವರಿಗೆ ತಮ್ಮಯ್ಯ, ಅವರು ನನಗೆ ಅಕ್ಕ. ಬೇರೆಯವರೊಂದಿಗೆ ಮಾತಾಡುವಾಗ ಎಲ್ಲರ ಹಾಗೆ ನಾನೂ ಕಂಡಕ್ಟರಮ್ಮ ಎಂದೇ ಹೇಳುತ್ತಿದ್ದೆ.

ಅರೆತಲೆನೋವು ಅವರಿಗೆ ಹದಿನಾರನೇ ವಯಸ್ಸಿಗೇ ಶುರುವಾಗಿತ್ತಂತೆ. ಅವರ ತಾಯಿಗೂ ಇತ್ತಂತೆ. ತಾಯಿ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕಳೆ ಕೀಳುತ್ತಿದ್ದರಂತೆ. ಬಿಸಿಲು, ಡೀಸೆಲ್ ಹೊಗೆ, ಕಬ್ಬು ಕಡಿಯುವ ಕಾಲದಲ್ಲಿ ದಾರಿಯುದ್ದಕ್ಕೂ ಆಲೆಮನೆಗಳಿಂದ ಬರುವ ಬೆಲ್ಲದ ಪಾಕದ ವಾಸನೆ, ಕಾಲೇಜು ಹುಡುಗರ ಸೆಂಟು, ಎಲ್ಲವೂ ಅವರ ಶತ್ರುಗಳು. ಅಂಥ ತಲೆ ಇಟ್ಟುಕೊಂಡು ಅವರು ಆರಿಸಿಕೊಂಡದ್ದು ಬಸ್ಸಿನ ಕೆಲಸ. "ಬೇರೆ ಏನಾರ ಕೆಲಸ ನೋಡಬಾರದಾ ಅಕ್ಕ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕರ್ದು ಕೊಟ್ಟಿದ್ದು ಇದೊಂದೇ. ಇದ್ನ ಬುಟ್ರೆ ನಾಳಿಂದ ನಮ್ಮತ್ತೆ ಕೈಲಿ ಕಾಪಿ ಪುಡಿಗೂ ಕಾಸು ಕೇಳ್ಬೇಕು," ಎಂದಿದ್ದರು. ಗಂಡ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಎರಡೆಕರೆ ಗದ್ದೆ, ಒಂದಿಷ್ಟು ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆ ಹುಳು. ಒಬ್ಬಳೇ ಮಗಳು.

ತಲೆನೋವು ಜೋರಾದ ದಿನ ಅವರು ವಿಷಲ್ ಊದುತ್ತಿರಲಿಲ್ಲ. ಬೆರಳಿನ ಉಂಗುರದಿಂದ ಬಸ್ಸಿನ ತಗಡಿಗೆ ಎರಡು ಸಲ ಕುಟ್ಟುತ್ತಿದ್ದರು. ದಿನಾ ಓಡಾಡುವ ಜನಕ್ಕೆ ಅದು ಅರ್ಥವಾಗುತ್ತಿತ್ತು. "ಮಾತಾಡ್ಬೇಡ್ರಪ್ಪೋ, ಇವತ್ತು ಉಂಗ್ರದ್ ದಿನ," ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಸದ್ದು ಇಳಿಸುತ್ತಿದ್ದರು. ಎಲ್ಲರೂ ಹಾಗಿರುತ್ತಿರಲಿಲ್ಲ. ಒಂದು ಸಂತೆಯ ದಿನ ಅವರು ಬಸ್ ಸ್ಟ್ಯಾಂಡಿನ ಗೋಡೆ ಹಿಡಿದುಕೊಂಡು ವಾಂತಿ ಮಾಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಸ್ಸಿನ ಮೆಟ್ಟಿಲು ಹತ್ತುವಾಗ ಕಿಟಕಿಯಲ್ಲಿದ್ದವನೊಬ್ಬ, "ಕುಡ್ದು ಬಂದವಳೆ ಕಣ್ರಲಾ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ನಾನು ಅಂಗಡಿಯಿಂದ ಇಳಿದು ಅವರ ಮಾತ್ರೆ ಕೊಡಲು ಬಸ್ಸಿನ ಬಾಗಿಲ ಬಳಿಯೇ ನಿಂತಿದ್ದೆ. ನನಗೆ ನಿಜ ಗೊತ್ತಿತ್ತು. ಬಾಯಿ ಬರಲಿಲ್ಲ.

ಕಂಡಕ್ಟರಮ್ಮ ಅವನ ಹತ್ತಿರ ಹೋಗಿ ನಿಂತರು. "ಕುಡ್ದಿದ್ರೆ ನಿನ್ನಂಗೆ ಕೂತ್ಕಂಡು ಓಯ್ತಿದ್ದೆ ಕಣಪ್ಪ. ಕುಡೀದೆ ಇರೋದ್ಕೆ ನಿಂತ್ಕಂಡು ಟಿಕೆಟ್ ಕೊಡ್ತಾ ಇವ್ನಿ. ಎಲ್ಲಿಗೆ, ಏಳು?"

ಬಸ್ಸೆಲ್ಲ ನಕ್ಕಿತು. ಅವರು ನಗಲಿಲ್ಲ. ನನ್ನ ಕೈಯಿಂದ ಮಾತ್ರೆ ಇಸಿದುಕೊಂಡು ನೀರಿಲ್ಲದೆ ನುಂಗಿದರು.

ಮಾತ್ರೆಯ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಮೊದಮೊದಲು ವಾರಕ್ಕೆ ಎರಡು ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ದಿನಕ್ಕೊಂದು. ಆಮೇಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಕೆಟ್ಟ ದಿನಗಳಲ್ಲಿ ಇನ್ನೂ ಒಂದು. ಅವರ ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ನನ್ನ ಕೈ ತಾನೇ ಆ ಡಬ್ಬದ ಕಡೆ ಹೋಗುತ್ತಿತ್ತು. ನೋವಿನ ಮಾತ್ರೆ ಅತಿಯಾದರೆ ಅದೇ ದಿನಾ ತಲೆನೋವು ತರುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಡಾಕ್ಟರ ಚೀಟಿ ಕೇಳಬೇಕಾಗಿತ್ತು. ಕೇಳಲಿಲ್ಲ. ಎದುರಿಗೆ ನಿಂತವರು ನೋವಿನಲ್ಲಿ ಒದ್ದಾಡುತ್ತಿದ್ದಾಗ ಮಾತ್ರೆ ಕೊಡುವುದೇ ಕರುಣೆ ಎಂದುಕೊಂಡಿದ್ದೆ. ಅವರಿಗಾಗಿ ಫ್ರಿಜ್ಜಿನ ಪಕ್ಕ ಒಂದು ಸ್ಟೂಲು ಹಾಕಿಸಿ, ಅದನ್ನೇ ಒಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಒಳಗೊಳಗೇ ಹೆಮ್ಮೆ ಪಡುತ್ತಿದ್ದೆ.

ಎಂಟು ವರ್ಷ ಹೀಗೇ ನಡೆಯಿತು. ಆ ಹೊತ್ತಿಗೆ ತಿಂಗಳಿನಲ್ಲಿ ತಲೆನೋವಿಲ್ಲದ ದಿನಗಳನ್ನು ಅವರು ಬೆರಳಲ್ಲಿ ಎಣಿಸಬಹುದಾಗಿತ್ತು. ಮಂಡ್ಯದ ಒಂದು ನರ್ಸಿಂಗ್ ಹೋಮಿಗೆ ಗುರುವಾರ ಗುರುವಾರ ನರರೋಗದ ಡಾಕ್ಟರೊಬ್ಬರು ಬರತೊಡಗಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಡಕ್ಟರಮ್ಮ ರಜೆ ಹಾಕಿ ಅಲ್ಲಿಗೆ ಹೋಗಿ ಬಂದರು. ಡಾಕ್ಟರು ನೋವು ಬರದಂತೆ ತಡೆಯುವ ಮಾತ್ರೆಗಳನ್ನು ಒಂದಾದ ಮೇಲೊಂದು ಕೊಟ್ಟು ನೋಡಿದರು. ಒಂದರಿಂದ ಬೆಳಿಗ್ಗೆ ಏಳಲಾಗದಷ್ಟು ತೂಕಡಿಕೆ. ಇನ್ನೊಂದರಿಂದ ಬೇರೆಯೇ ತೊಂದರೆಯಾಯಿತು. ಬಾಯಿಗೆ ಬರಬೇಕಾದ ಪದವೇ ಬಾರದು. ಒಂದು ದಿನ ಬಸ್ಸಿನ ನಡುವೆ ನಿಂತು, "ಯಾರ್ರೀ ಇಳಿಯೋರು..." ಎಂದು ಕೂಗಿದವರು ಅಲ್ಲಿಗೇ ನಿಂತರಂತೆ. ಸಾವಿರ ಸಲ ಕೂಗಿದ ಊರಿನ ಹೆಸರು ನಾಲಿಗೆಗೆ ಬರಲಿಲ್ಲ. ಹಿಂದಿನಿಂದ ಯಾರೋ, "ದೊಡ್ಡಿ ಕಣಕ್ಕೋ, ದೊಡ್ಡಿ!" ಎಂದು ಕೂಗಿ ನಕ್ಕರಂತೆ. ಅದನ್ನು ಅವರೇ ಬಂದು ನನಗೆ ಹೇಳಿದರು. "ಕುಡ್ದವಳೆ ಅಂದಾಗ್ಲೂ ಇಂಗೆ ಆಗಿರ್ನಿಲ್ಲ ತಮ್ಮಯ್ಯ. ದೊಡ್ಡಿ ಎಸ್ರು ಮರ್ತೋದ್ರೆ ನಾನ್ಯಾವ್ ಸೀಮೆ ಕಂಡಕ್ಟ್ರು?"

ಆ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿದರು. ಮುಂದಿನ ಗುರುವಾರ ಕಂಡಕ್ಟರಮ್ಮ ಹೊಸ ಚೀಟಿಯೊಂದನ್ನು ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದರು. ಅವರ ಮುಖದಲ್ಲಿ ಒಂದು ಬಗೆಯ ಲವಲವಿಕೆ ಇತ್ತು.

"ಒಂದ್ ಸೂಜಿ ಅದೆಯಂತೆ ತಮ್ಮಯ್ಯ. ಅಣೆಗೆ, ಕೆನ್ನೆ ಮೇಲ್ಗಡೆ, ಇಂದ್ಗಡೆ ಬುಲ್ಡೆಗೆ, ಕತ್ತಿಗೆ, ಬುಜಕ್ಕೆ, ಇಂಗೆ ಸುತ್ತ ಸಣ್ಣ್‌ಸಣ್ಣದಾಗಿ ಆಕ್ತಾರಂತೆ. ಮೂರ್ ತಿಂಗ್ಳಿಗೊಂದು ಸಲಿ. ಪೂರ್ತಿ ಓಗಲ್ಲ, ಆದ್ರೆ ನೋವಿನ್ ದಿನ ಕಮ್ಮಿ ಆಗ್ಬೋದು ಅಂದ್ರು. ಎಲ್ರಿಗೂ ಆಗ್ತದೆ ಅಂತ್ಲೂ ಇಲ್ವಂತೆ. ಆಕಿಸ್ಕೊಳ್ಳದಾ, ಬ್ಯಾಡ್ವಾ? ನೀನೇಳು."

ಚೀಟಿ ನೋಡಿದೆ. ಬೊಟುಲಿನಂ ಎಂಬ ಹೆಸರಿತ್ತು. ಆ ಔಷಧವನ್ನು ನಾನು ಎಂದೂ ತರಿಸಿರಲಿಲ್ಲ, ಕೈಯಲ್ಲಿ ಹಿಡಿದೂ ಇರಲಿಲ್ಲ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಅದು ಎಂದು ಪಾಠದಲ್ಲಿ ಓದಿದ ನೆನಪು. ಮುಖದ ಸುಕ್ಕು ಹೋಗಲು ಸಿನಿಮಾದವರು ಹಾಕಿಸಿಕೊಳ್ಳುತ್ತಾರೆ ಎಂದು ಪೇಪರಿನಲ್ಲಿ ಓದಿದ ನೆನಪು. ತಲೆನೋವಿಗೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಜನ ಇದ್ದರು. ನನಗೆ ಗೊತ್ತಿಲ್ಲ ಅಕ್ಕ, ಡಾಕ್ಟರನ್ನೇ ಇನ್ನೊಂದು ಸಲ ಕೇಳೋಣ ಎಂದು ಹೇಳಿದ್ದರೆ ಸಾಕಾಗಿತ್ತು.

"ಅದು ವಿಷ ಅಕ್ಕ," ಎಂದೆ. "ಸಿನಿಮಾದೋರು ಸುಕ್ಕು ತೆಗ್ಸಕ್ಕೆ ಹಾಕಿಸ್ಕೊಳ್ಳೋದು. ತಲೆಗೆ ಅಷ್ಟೊಂದು ಕಡೆ ಚುಚ್ಚಿದ್ರೆ ನಾಳೆ ಮುಖ ಸೊಟ್ಟಗಾದ್ರೆ ಏನ್ ಮಾಡ್ತೀರಿ? ನಮ್ಮಪ್ಪನ ಮುಖ ನೋಡಿದ್ದೀರಲ್ಲ. ಸುಮ್ನಿರಿ."

ಲಕ್ವ ಹೊಡೆದ ನನ್ನ ಅಪ್ಪನ ಮುಖವನ್ನು ಅವರು ನೋಡಿದ್ದರು. ಆ ಹೋಲಿಕೆಯೇ ಅವರನ್ನು ಹೆದರಿಸಿತು. ಎರಡಕ್ಕೂ ಏನೇನೂ ಸಂಬಂಧವಿರಲಿಲ್ಲ. ಅವರು ಚೀಟಿಯನ್ನು ನಾಲ್ಕಾಗಿ ಮಡಿಸಿ ಕೌಂಟರಿನ ಮೇಲೆ ಇಟ್ಟರು. "ಬುಡಪ್ಪ ಅತ್ಲಾಗೆ. ಓದ್ದೋನು ನೀನೇ ಬ್ಯಾಡ ಅಂದ್ಮೇಲೆ ಇನ್ನೇನು," ಎಂದರು. ನಾನು ಡಬ್ಬದಿಂದ ಮಾತ್ರೆ ತೆಗೆದು ಕೊಟ್ಟೆ. ಮತ್ತೆ ಅವರು ಮಂಡ್ಯದ ಆ ಡಾಕ್ಟರ ಹತ್ತಿರ ಹೋಗಲಿಲ್ಲ.

ಅದಾದ ಮೇಲಿನದು ಆರು ವರ್ಷ. ಆ ಆರು ವರ್ಷದಲ್ಲಿ ಒಂದು ದಿನವನ್ನು ಮಾತ್ರ ಇಲ್ಲಿ ಹೇಳುತ್ತೇನೆ, ಮಗಳ ಮದುವೆಯ ದಿನ.

ಮದುವೆ ಮದ್ದೂರಿನ ಒಂದು ಛತ್ರದಲ್ಲಿ. ನಾನು ಹೆಂಡತಿಯೊಂದಿಗೆ ಬೆಳಿಗ್ಗೆಯೇ ಹೋಗಿದ್ದೆ. ವಾಲಗ, ಹೂವು, ಊದುಬತ್ತಿ, ಹೋಮದ ಹೊಗೆ, ವಿಡಿಯೋದವನ ದೀಪ. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಅವರ ಗಂಡ ನನ್ನನ್ನು ಹುಡುಕಿಕೊಂಡು ಬಂದರು. "ಒಸಿ ಬನ್ನಿ, ಎದ್ದೇಳಕ್ಕೆ ಆಯ್ತಿಲ್ಲ ಅವ್ಳಿಗೆ," ಎಂದಷ್ಟೇ ಹೇಳಿದರು. ಛತ್ರದ ಹಿಂದಿನ, ಪಾತ್ರೆ ಇಡುವ ಕೋಣೆಯಲ್ಲಿ ಕಿಟಕಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ಹೊಸ ರೇಷ್ಮೆ ಸೀರೆ ಉಟ್ಟು, ಹಣೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ಕಂಡಕ್ಟರಮ್ಮ ಚಾಪೆಯ ಮೇಲೆ ಮುದುಡಿ ಮಲಗಿದ್ದರು. ಪಕ್ಕದಲ್ಲಿ ವಾಂತಿಗೊಂದು ಬಕೆಟ್ಟು. ಬೆಳಗಿನಿಂದ ಆಗಲೇ ನಾಲ್ಕು ಮಾತ್ರೆ ನುಂಗಿದ್ದರು. ನಾನು ಜೇಬಿನಲ್ಲಿ ತಂದಿದ್ದ ಇನ್ನೊಂದು ಬಗೆಯದನ್ನೂ ಕೊಟ್ಟೆ. ಅದು ವಾಂತಿಯಾಗಿ ಬಂತು.

ಧಾರೆಗೆ ಕರೆದರು. ಎದ್ದು ಕೂರಲು ಹೋಗಿ ಗೋಡೆಗೆ ಒರಗಿದರು. ಕೊನೆಗೆ ಅವರ ಓರಗಿತ್ತಿಯೂ ಅವಳ ಗಂಡನೂ ನಿಂತು ಧಾರೆ ಎರೆದುಕೊಟ್ಟರು. ಗಟ್ಟಿಮೇಳದ ಸದ್ದು ಆ ಕೋಣೆಯ ಬಾಗಿಲನ್ನೂ ಅಲುಗಿಸುತ್ತಿತ್ತು. ಅವರು ಎರಡು ಕಿವಿಯನ್ನೂ ದಿಂಬಿನಲ್ಲಿ ಒತ್ತಿಕೊಂಡಿದ್ದರು. ಸದ್ದು ನಿಂತ ಮೇಲೆ ಟವೆಲಿನ ಕೆಳಗಿನಿಂದಲೇ ಕೇಳಿದರು.

"ಧಾರೆ ಆಯ್ತಾ ತಮ್ಮಯ್ಯ?"

"ಆಯ್ತಕ್ಕ."

"ಮೊಗ ಅತ್ಲಾ?"

ಮಗಳು ಅತ್ತಳಾ ಎಂದು ಕೇಳುತ್ತಿದ್ದರು. ನಾನು ನೋಡಿರಲಿಲ್ಲ. ಅಳಲಿಲ್ಲ, ನಗ್ತಾ ಇದ್ದಳು ಎಂದು ಸುಳ್ಳು ಹೇಳಿದೆ.

ಅದಾಗಿ ಕೆಲವು ತಿಂಗಳ ಮೇಲೆ, ನಮ್ಮೂರಿನ ಹೈಸ್ಕೂಲಿನ ಒಬ್ಬ ಮೇಡಂ ಅಂಗಡಿಗೆ ಬಂದರು. ಅವರೂ ಒಂದು ಕಾಲದಲ್ಲಿ ತಲೆನೋವಿನ ಮಾತ್ರೆಯ ದಿನವಹಿ ಗಿರಾಕಿ. ಬಹಳ ದಿನದಿಂದ ಕೊಂಡಿರಲಿಲ್ಲ. ಮಗುವಿನ ಕೆಮ್ಮಿಗೆ ಔಷಧಿ ಕೇಳಿದರು. "ತಲೆನೋವು ಹೋಯ್ತಾ ಮೇಡಂ?" ಎಂದೆ. "ಪೂರ್ತಿ ಇಲ್ಲ, ತುಂಬಾ ಕಮ್ಮಿಯಾಗಿದೆ. ಮಂಡ್ಯದಲ್ಲಿ ಮೂರು ತಿಂಗಳಿಗೊಂದು ಸಲ ಇಂಜೆಕ್ಷನ್ ಹಾಕಿಸ್ಕೊತಾ ಇದ್ದೀನಲ್ಲ, ವರ್ಷದ ಮೇಲಾಯ್ತು," ಎಂದರು. ಅದೇ ನರ್ಸಿಂಗ್ ಹೋಮು. ಅದೇ ಡಾಕ್ಟರು. ಅದೇ ಇಂಜೆಕ್ಷನ್ನು. ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಸೊಟ್ಟಗಾಗಿರಲಿಲ್ಲ. ಚೆನ್ನಾಗಿ ನಗುತ್ತಿದ್ದರು.

ಮುಂದಿನ ಗುರುವಾರ ನಾನೇ ಮಂಡ್ಯಕ್ಕೆ ಹೋದೆ. ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ತಿಂಗಳಲ್ಲಿ ಅರ್ಧಕ್ಕೂ ಹೆಚ್ಚು ದಿನ ತಲೆನೋವಿರುವವರಿಗೆ, ಮಾತ್ರೆ ಒಗ್ಗದವರಿಗೆ ಕೊಡುವ ಚಿಕಿತ್ಸೆ ಅದು. ನೋವಿನ ಸುದ್ದಿಯನ್ನು ನರಗಳು ಸಾಗಿಸುವುದನ್ನು ಅದು ತಗ್ಗಿಸುತ್ತದೆ. ತಿಳಿದವರು ಅಳತೆಯಾಗಿ ಕೊಟ್ಟರೆ ಹೆದರಬೇಕಾದ್ದು ಕಡಿಮೆ. "ವಿಷ ಅಂತ ಯಾರೋ ಹೆದರಿಸಿಬಿಡ್ತಾರೆ, ಅದೇ ನಮಗೆ ಕಷ್ಟ," ಎಂದರು. ಆ ಯಾರೋ ನಾನೇ ಎಂದು ನಾನು ಹೇಳಲಿಲ್ಲ.

ಕಂಡಕ್ಟರಮ್ಮನಿಗೂ ಹೇಳಲಿಲ್ಲ, ಎರಡು ತಿಂಗಳು. ಅವರು ದಿನಾ ಬರುತ್ತಿದ್ದರು, ಸ್ಟೂಲಿನ ಮೇಲೆ ಕೂರುತ್ತಿದ್ದರು, ನಾನು ಮಾತ್ರೆ ಕೊಡುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಕಳೆದ ಆ ಎರಡು ತಿಂಗಳ ಬಗ್ಗೆಯೂ ನನಗೆ ನಾಚಿಕೆಯಿದೆ. ಆರು ವರ್ಷದ ಹಿಂದಿನದು ತಿಳಿಯದೆ ಮಾಡಿದ್ದು. ಇದು ತಿಳಿದೂ ಮಾಡಿದ್ದು.

ಕಡೆಗೆ ಒಂದು ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅವರ ಬಸ್ಸು ಹತ್ತಿದೆ. ಊಟದ ಹೊತ್ತು, ಏಳೆಂಟೇ ಜನ. ದೊಡ್ಡಿ ದಾಟಿದ ಮೇಲೆ ಅವರು ಬಾಗಿಲ ಬಳಿಯ ತಮ್ಮ ಸೀಟಿನಲ್ಲಿ ಕುಳಿತರು. ನಾನು ಪಕ್ಕದಲ್ಲಿ ಹೋಗಿ ಕುಳಿತು ಎಲ್ಲವನ್ನೂ ಹೇಳಿದೆ. ಮೇಡಂ ವಿಷಯ, ಡಾಕ್ಟರು ಹೇಳಿದ್ದು, ಅವತ್ತು ನನಗೆ ಏನೂ ಗೊತ್ತಿಲ್ಲದೆ ಬೇಡವೆಂದದ್ದು, ಈ ಎರಡು ತಿಂಗಳು ಬಚ್ಚಿಟ್ಟದ್ದು.

ಅವರು ಕಿಟಕಿಯಾಚೆ ನೋಡುತ್ತಿದ್ದರು. ಸ್ವಲ್ಪ ದೂರ ಬಸ್ಸು ಹೋದ ಮೇಲೆ, "ಆರ್ ವರ್ಸ ಕಣ್ ತಮ್ಮಯ್ಯ," ಎಂದರು. ಇನ್ನಷ್ಟು ದೂರ ಹೋದ ಮೇಲೆ, "ನನ್ ಮಗ್ಳ ಧಾರೆ," ಎಂದರು.

"ತಪ್ಪಾಯ್ತಕ್ಕ."

"ಊಂ, ತಪ್ಪೇ ಕಣ. ಇಲ್ಲ ಅಂದ್ನಾ?" ಅವರ ದನಿ ಏರಿತು, ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. "ಗೊತ್ತಿಲ್ಲ ಅನ್ನಕ್ಕೆ ನಿನ್ ಬಾಯ್ಗೆ ಏನಾಗಿತ್ತು? ನಾನು ಎಸ್ರು ಮರ್ತಾಗ ಬಸ್ಸೆಲ್ಲ ನಗ್ತು, ಸತ್ತೋದ್ನಾ? ನೀನು ಗೊತ್ತಿಲ್ಲ ಅಂದಿದ್ರೆ ಯಾರ್ಲಾ ನಗ್ತಿದ್ರು?"

ಅವರು ನನಗೆ 'ಲಾ' ಎಂದದ್ದು ಅದೊಂದೇ ಸಲ. ಮದ್ದೂರು ಬರುವವರೆಗೆ ಟಿಕೆಟ್ಟಿನ ಲೆಕ್ಕ ನೋಡುತ್ತಾ ಕುಳಿತರು. ನಾನು ಇಳಿಯುವಾಗ ಮಾತ್ರ, ಬೇರೆ ಕಡೆ ನೋಡುತ್ತಾ, "ಯಾವತ್ತು ಬತ್ತಾರೆ ಆ ಡಾಕ್ಟ್ರು? ಗುರ್ವಾರ್ವೇ ತಾನೇ? ನೀನೂ ಬತ್ತೀಯ," ಎಂದರು.

ಹೋದೆವು. ಅವರ ಗಂಡ, ಅವರು, ನಾನು. ಡಾಕ್ಟರು ಮೊದಲು ನೋವಿನ ಮಾತ್ರೆಗಳನ್ನು ಇಳಿಸಬೇಕೆಂದು ಕಟ್ಟುನಿಟ್ಟಾಗಿ ಹೇಳಿ, ಅದಕ್ಕೊಂದು ಕ್ರಮ ಬರೆದುಕೊಟ್ಟರು. ಎರಡನೇ ಸಲ ಹೋದಾಗ ಇಂಜೆಕ್ಷನ್ನು. ಕೂದಲಿಗಿಂತ ಸ್ವಲ್ಪ ದಪ್ಪನೆಯ ಸೂಜಿ. ಹುಬ್ಬುಗಳ ನಡುವೆ ಶುರುಮಾಡಿ ಹಣೆ, ಎರಡೂ ಕಣತಲೆ, ತಲೆಯ ಹಿಂಭಾಗ, ಕತ್ತು, ಭುಜ. ಕಂಡಕ್ಟರಮ್ಮ ಹಲ್ಲು ಕಚ್ಚಿಕೊಂಡು ಒಂದೊಂದನ್ನೂ ಜೋರಾಗಿ ಎಣಿಸಿದರು. ಮೂವತ್ತೊಂದಕ್ಕೆ ನಿಂತಿತು. "ಬಸ್ಸು ಇನ್ನೂ ತುಂಬ್ನಿಲ್ವಲ್ಲ ಡಾಕ್ಟ್ರಮ್ಮ," ಎಂದರು. ಡಾಕ್ಟರು ಸೂಜಿಯನ್ನು ಪಕ್ಕಕ್ಕಿಟ್ಟು ನಕ್ಕುಬಿಟ್ಟರು. ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ಆರು ವರ್ಷ ಎಂದು ನಾನು ಗೋಡೆಯ ಕಡೆ ತಿರುಗಿಕೊಂಡೆ.

ಒಂದೇ ಸಲಕ್ಕೆ ಏನೂ ಆಗಲಿಲ್ಲ. ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ನೋವು ಇನ್ನೂ ಜೋರಾಯಿತು. ಕತ್ತು ಹಿಡಿದುಕೊಂಡಂತಾಗಿ ಒಂದಷ್ಟು ದಿನ ಒದ್ದಾಡಿದರು. ಅಂಗಡಿಗೆ ಬಂದು, "ಕೊಡು ತಮ್ಮಯ್ಯ, ಒಂದೇ ಒಂದು," ಎಂದು ಕೈ ಚಾಚಿದರು. ನಾನು ಡಾಕ್ಟರು ಬರೆದುಕೊಟ್ಟ ದಿನ ಇವತ್ತಲ್ಲ ಎಂದು ಕೊಡಲಿಲ್ಲ. ಬಾಯಿಗೆ ಬಂದ ಹಾಗೆ ಬೈದು ಹೋದರು. ಎರಡನೇ ಸಲದ ಇಂಜೆಕ್ಷನ್ ಆದ ಮೇಲೆ ಒಂದು ಬೆಳಿಗ್ಗೆ ಬಸ್ಸು ನಿಂತಿತು, ಹೊರಟಿತು. ಅವರು ಅಂಗಡಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಗಾಬರಿಯಾಗಿ ನಾನೇ ಮೂರನೆಯ ದಿನ ಬಸ್ಸಿನ ಹತ್ತಿರ ಓಡಿದೆ. "ಯಾಕ್ ಬರ್ಲಿ? ನೋವಿಲ್ವಲ್ಲ," ಎಂದರು. ಆ ತಿಂಗಳಿಡೀ ನೋವು ಬಂದದ್ದು ಏಳು ದಿನ. ಅದರಲ್ಲೂ ಎದ್ದು ಓಡಾಡಲಾಗದ್ದು ಎರಡೇ ದಿನ.

ಒಂದು ಭಾನುವಾರ ಗಂಡನೊಂದಿಗೆ ಮುತ್ತತ್ತಿಗೆ ಹೋಗಿ ಬಂದರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಮೊದಲ ಸಲ, ಕೆಲಸವಿಲ್ಲದೆ ಸುಮ್ಮನೆ. "ಪೂಜೆ ಮಾಡಿಸ್ಕಂಡು ಒಳೆ ತಾವ ಬಂಡೆ ಮೇಲೆ ಕೂತಿದ್ದೊ. ನೆತ್ತಿ ಮೇಲೆ ಬಿಸ್ಲು. ಇವ್ರು ನೆಳ್ಳಿಗೆ ಓಗನ ಬಾ ಅಂತಾರೆ, ನಾನೇ ಏಳ್ನಿಲ್ಲ. ಬಿಸ್ಲು ಈಟು ಚೆಂದಾಗಿರ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ ತಮ್ಮಯ್ಯ." ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಬೇರೆ ಕಂಡಕ್ಟರುಗಳು ಗೊಣಗುತ್ತಿದ್ದರು. ಇವರು ಆ ನೂಕುನುಗ್ಗಲಿನ ನಡುವೆ ಮದುವೆಮನೆಯಲ್ಲಿ ಓಡಾಡುವವರ ಹಾಗೆ ಓಡಾಡುತ್ತಿದ್ದರು.

ಅಂಥ ದಿನಗಳು ಅವರಿಗೆ ಸಿಕ್ಕಿದ್ದು ಎರಡು ವರ್ಷ ಚಿಲ್ಲರೆ.

ಮೊದಲು ಕಾಲು ಊದಿತು. ನಿಂತು ನಿಂತು ಎಂದುಕೊಂಡರು. ಆಮೇಲೆ ಮುಖ. ರಕ್ತ ಪರೀಕ್ಷೆಯ ಕಾಗದವನ್ನು ಮೊದಲು ನೋಡಿದವನು ನಾನೇ. ಎರಡು ಕಿಡ್ನಿಗಳೂ ಬಹುಪಾಲು ಸೋತಿದ್ದವು. ಮಂಡ್ಯದ ಆಸ್ಪತ್ರೆಯ ಕಿಡ್ನಿ ಡಾಕ್ಟರು ಹಳೆಯದನ್ನೆಲ್ಲ ಕೇಳಿ ಬರೆದುಕೊಂಡರು. ಬಿ.ಪಿ. ಇತ್ತು, ಬಸ್ಸಿನ ಕೆಲಸವೆಂದು ನೀರು ಕುಡಿಯದೆ ಇರುತ್ತಿದ್ದರು, ಅದರ ಮೇಲೆ ಅಷ್ಟು ವರ್ಷದ ನೋವಿನ ಮಾತ್ರೆ. "ಯಾವುದರ ಪಾಲು ಎಷ್ಟು ಅಂತ ಹೇಳಕ್ಕಾಗಲ್ಲ," ಎಂದರು. ನನಗೆ ನನ್ನ ಪಾಲು ಗೊತ್ತಿತ್ತು. ಆ ಮಾತ್ರೆಗಳಲ್ಲಿ ಒಂದನ್ನೂ ಅವರು ಬೇರೆ ಅಂಗಡಿಯಲ್ಲಿ ಕೊಂಡವರಲ್ಲ. ಇಂಜೆಕ್ಷನ್ನನ್ನು ಆರು ವರ್ಷ ಮೊದಲೇ ಹಾಕಿಸಿಕೊಂಡಿದ್ದರೆ ಆ ಆರು ವರ್ಷದ ಮಾತ್ರೆಗಳು ಅವರ ಹೊಟ್ಟೆಗೆ ಹೋಗುತ್ತಿರಲಿಲ್ಲ.

ವಾರಕ್ಕೆರಡು ಸಲ ಡಯಾಲಿಸಿಸ್. ನಾನು ಆದಷ್ಟು ಸಲ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ಕೈಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದವರ ಪಕ್ಕದಲ್ಲಿ ಕುಳಿತು, ಅಂಗಡಿ ಮುಚ್ಚಿಬಿಡುತ್ತೇನೆ ಅಕ್ಕ, ನನಗಿನ್ನು ಆ ಕೆಲಸ ಸಾಕು ಎಂದೆ.

"ಮುಚ್ಬುಟ್ಟು?" ಎಂದರು.

ನಾನು ಜಾರುತ್ತಿದ್ದ ಹೊದಿಕೆಯನ್ನು ಅವರ ಕಾಲಿನ ಮೇಲೆ ಎಳೆದೆ.

"ನೀನು ಮುಚ್ಚುದ್ರೆ ಅಲ್ಲಿ ಇನ್ನೊಬ್ಬ ಬಂದು ಕೂತ್ಕತಾನೆ. ಅವ್ನೂ ಕೇಳ್ದೋರ್ಗೆಲ್ಲ ಕೇಳ್ದಷ್ಟು ಕೊಡ್ತಾನೆ. ನಿಂಗೆ ಬುದ್ಧಿ ಕಲ್ಸೋದ್ರಲ್ಲಿ ನನ್ ಆಯಸ್ಸೇ ಓಯ್ತು. ಅವ್ನಿಗೆ ಯಾರು ಕಲ್ಸಾರು?" ಮಾತಾಡಿ ಸುಸ್ತಾಗಿ ಕಣ್ಣು ಮುಚ್ಚಿದರು. ಕಣ್ಣು ತೆರೆಯದೆಯೇ, "ಒಂದ್ ಮಾತು ಏಳ್ತೀನಿ ಕೇಳು. ನಮ್ಮತ್ತೆ, ಓರ್ಗಿತ್ತಿ, ನಮ್ಮವ್ರೂವೆ, ಎಲ್ರೂ ನಾನು ನಾಟ್ಕ ಆಡ್ತೀನಿ ಅಂತ್ಲೇ ತಿಳ್ಕಂಡಿದ್ರು ಸುಮಾರ್ ವರ್ಸ. ದಿಟ ಅಂತ ನಂಬ್ದೋನು ನೀನೊಬ್ನೆ," ಎಂದರು.

ಅವರು ಬೈದದ್ದೆಲ್ಲ ನನಗೆ ತಡೆದುಕೊಳ್ಳಲು ಸಾಧ್ಯವಾಗಿತ್ತು. ಈ ಮಾತು ಆಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಗಿ ಕುಳಿತುಬಿಟ್ಟೆ.

ಅಂಗಡಿ ಮುಚ್ಚಲಿಲ್ಲ. ಈಗ ಯಾರಾದರೂ ಮೂರನೆಯ ಸಲ ತಲೆನೋವಿನ ಮಾತ್ರೆಗೆ ಬಂದರೆ, ತಿಂಗಳಿಗೆಷ್ಟು ದಿನ ನೋವು, ಎಷ್ಟು ಮಾತ್ರೆ, ಯಾರಿಗೆ ತೋರಿಸಿದ್ದೀರಿ ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಕೆಲವರು ಮಂಡ್ಯಕ್ಕೆ ಹೋಗುತ್ತಾರೆ. ನನಗೆ ತಿಳಿಯದ ಔಷಧದ ಚೀಟಿ ಬಂದರೆ ತಿಳಿಯದೆಂದೇ ಹೇಳುತ್ತೇನೆ. ಇದುವರೆಗೆ ಯಾರೂ ನಕ್ಕಿಲ್ಲ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅವರ ಗಂಡ ಫೋನ್ ಮಾಡಿದರು. ಊರಿಗೆ ಹೋದಾಗ ಮನೆಯ ಮುಂದೆ ಚಪ್ಪರದ ಕೆಳಗೆ ಮಲಗಿಸಿದ್ದರು. ಡಿಪೋದಿಂದ ಡ್ರೈವರು, ಕಂಡಕ್ಟರುಗಳೆಲ್ಲ ಬಂದಿದ್ದರು. ದಿನಾ ಆ ಬಸ್ಸಿನಲ್ಲಿ ಓಡಾಡುತ್ತಿದ್ದ ಹೂವಿನವಳು, ಪೋಸ್ಟ್‌ಮ್ಯಾನು, ಮೇಷ್ಟ್ರುಗಳು ಬಂದಿದ್ದರು. ಮಗಳು ತಾಯಿಯ ಕಾಲು ಹಿಡಿದುಕೊಂಡು ಕುಳಿತಿದ್ದಳು.

ಹೊರಡಿಸುವ ಹೊತ್ತಿಗೆ ಹಿರಿಯರೊಬ್ಬರು, "ತವರಿನ ಸೀರೆ ಎಲ್ಲಿ?" ಎಂದು ಕೇಳಿದರು. ಮುತ್ತೈದೆಯಾಗಿ ಹೋದವಳಿಗೆ ಕೊನೆಯದಾಗಿ ತವರಿನವರು ಸೀರೆ ಹೊದಿಸಬೇಕು. ಅವರ ತಂದೆ ತಾಯಿ ತೀರಿಕೊಂಡಿದ್ದರು. ಒಡಹುಟ್ಟಿದವರು ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಗಂಡ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ಯಾವತ್ತಿನ ಹಾಗೆ ಅವರ ದನಿ ಮೆಲ್ಲಗಿತ್ತು.

"ತಮ್ಮಯ್ಯ ಅಂತಿದ್ಲು ನಿಮ್ಮ. ನೀವೇ ತಂದ್ಬುಡಿ."

ಅವರಿಗೆ ಎಲ್ಲ ಗೊತ್ತಿತ್ತು. ಮೂವತ್ತೊಂದು ಸೂಜಿ ಚುಚ್ಚುವಾಗ ಹೆಂಡತಿಯ ಕೈ ಹಿಡಿದು ನಿಂತವರು, ಡಾಕ್ಟರು ಮಾತ್ರೆಗಳ ವಿಷಯ ಹೇಳುವಾಗ ಎದುರಿಗೆ ಕುಳಿತಿದ್ದವರು. ಎಲ್ಲ ಗೊತ್ತಿದ್ದೂ ನನ್ನನ್ನೇ ಕೇಳಿದರು. ಇಲ್ಲವೆನ್ನಲು ನನಗೆ ಯೋಗ್ಯತೆಯಿರಲಿಲ್ಲ, ಹೂಂ ಎನ್ನಲೂ ಇರಲಿಲ್ಲ. ಯಾರದೋ ಬೈಕಿನಲ್ಲಿ ಮಳವಳ್ಳಿಗೆ ಬಂದು ತಿಳಿ ಹಸಿರು ಸೀರೆಯೊಂದನ್ನು ತಂದೆ. ಮಡಿಕೆ ಬಿಡಿಸಿ, ಮಗಳು ಒಂದು ಕೊನೆ ಹಿಡಿದು, ನಾನು ಇನ್ನೊಂದು ಕೊನೆ ಹಿಡಿದು, ಕಾಲಿನಿಂದ ಎದೆಯವರೆಗೆ ಹೊದಿಸಿದೆವು.

ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ನೋವು ಹೋದ ಮುಖ ಹೀಗಿರುತ್ತದೆ ಎಂದು ಅಲ್ಲಿದ್ದವರೆಲ್ಲ ಹೇಳಿದರು. ಆದರೆ ನೋವು ಹೋದ ಅವರ ಮುಖವನ್ನು ನಾನು ಅವರು ಬದುಕಿದ್ದಾಗಲೇ, ಎರಡು ವರ್ಷ, ದಿನಾ ನೋಡಿದ್ದೆ. ಎಂಟು ವರ್ಷ ನೋಡಬಹುದಾಗಿತ್ತು.